ಊರಿಗೆ ಕಳಿಸಿದರೆ ಸರಿಹೋಗುತ್ತಾನೆ ಅನ್ನುವವರಿಗೆ

ನನ್ನ ಹಿಂದಿರುವ ಬ್ಯಾನರಿನಲ್ಲಿ ‘ವ್ಯಸನಮುಕ್ತ ಸಮಾಜ’ ಅಂತ ಬರೆದಿದೆ. ಕಮಿಟಿಯವರು ಪ್ರೀತಿಯಿಂದ ಬರೆಸಿದ್ದಾರೆ, ಬೇಜಾರು ಮಾಡಿಕೊಳ್ಳಬಾರದು, ನಾನು ಮಾತಾಡೋಕೆ ಬಂದಿರೋದು ಅದರ ಬಗ್ಗೆ ಅಲ್ಲ. ಊರಿಗೆ ಕಳಿಸಿದರೆ ಸರಿಹೋಗುತ್ತಾನೆ ಅಂತ ನೀವು ಅನ್ನುವ, ಡ್ರಗ್ಸ್ ಇನ್ನೂ ಬಿಡದವರ ಬಗ್ಗೆ. ಇವತ್ತು ಬಿಡಲಾರದವರು, ನಾಳೆ ಬಿಡಬಹುದಾದವರು, ನಾಲ್ಕು ಸಲ ಬಿಟ್ಟು ಐದನೇ ಸಲ ಮತ್ತೆ ಹಿಡಿದವರು. ಅವರು ಅಷ್ಟರಲ್ಲಿ ಸಾಯದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ.

ಇದಕ್ಕೆ ಇಂಗ್ಲಿಷಿನಲ್ಲಿ ಹಾರ್ಮ್ ರಿಡಕ್ಷನ್ ಅಂತಾರೆ. ಕನ್ನಡದಲ್ಲಿ ಒಂದು ಒಳ್ಳೆ ಹೆಸರು ನನಗಿನ್ನೂ ಸಿಕ್ಕಿಲ್ಲ. ಹಾನಿ ತಗ್ಗಿಸುವುದು ಅಂದರೆ ಯಾವುದೋ ಇನ್ಶೂರೆನ್ಸ್ ಕಂಪನಿಯ ಕೆಲಸ ಅನ್ನಿಸುತ್ತೆ. ಬೈಂದೂರಿನಲ್ಲಿ ಯಾರಾದರೂ ಕೇಳಿದರೆ ನನ್ನ ಅಮ್ಮ ‘ಬೊಂಬಾಯಲ್ಲಿ ಆಸ್ಪತ್ರೆ ಕೆಲಸ’ ಅಂತ ಹೇಳಿ ಮಾತು ಬದಲಿಸುತ್ತಾಳೆ. ಹದಿಮೂರನೇ ವಯಸ್ಸಿಗೆ ಹೋಟೆಲಿನ ಟೇಬಲ್ ಒರೆಸೋಕೆ ಬಂದ ಮಾಣಿ ನೈಟ್ ಸ್ಕೂಲಿನಲ್ಲಿ ಓದಿ, ಕೊನೆಗೆ ಗರ್ದುಲ್ಲರ ಜೊತೆ ಫುಟ್‌ಪಾತಿನಲ್ಲಿ ಕೂರುತ್ತಾನೆ ಅಂತ ಅವಳು ಹೇಗೆ ಹೇಳಿಯಾಳು? ಗರ್ದುಲ್ಲ ಅನ್ನೋದು ಈ ಊರಿನ ಬೈಗುಳ. ಗರ್ದ್ ಅಂದರೆ ಬ್ರೌನ್ ಶುಗರ್, ಕಲಬೆರಕೆ ಹೆರಾಯಿನ್. ಆ ಪದ ಇವತ್ತು ಇದೊಂದೇ ಸಲ ನನ್ನ ಬಾಯಲ್ಲಿ ಬರೋದು, ಇನ್ನು ಮುಂದೆ ಹುಡುಗರು ಅಂತಲೇ ಹೇಳುತ್ತೇನೆ. ಕೆಲವರಿಗೆ ಐವತ್ತು ದಾಟಿದೆ, ಆದರೂ ನಮ್ಮ ಸೆಂಟರಿನಲ್ಲಿ ಅವರು ಹುಡುಗರೇ.

ಬೆಳಗ್ಗೆ ಏಳಕ್ಕೆ ನಾವು ಹೊರಡುತ್ತೇವೆ. ಯಾಕೆ ಅಷ್ಟು ಬೇಗ ಅಂದರೆ, ರಾತ್ರಿ ತೆಗೆದುಕೊಂಡಿದ್ದು ಇಳಿದು ಬೆಳಗ್ಗೆ ‘ಟರ್ಕಿ’ ಶುರುವಾಗಿರುತ್ತೆ. ಮೂಗು ಸೋರುತ್ತೆ, ಮೂಳೆಯೆಲ್ಲ ನೋವು, ಹೊಟ್ಟೆ ಕಿವುಚುತ್ತೆ, ಬಿಸಿಲಲ್ಲೂ ಚಳಿ. ಆ ಹೊತ್ತಿನಲ್ಲಿ ಕೈಗೆ ಸಿಕ್ಕ ಸೂಜಿ ಯಾರದ್ದು ಅಂತ ಯಾರೂ ನೋಡೋದಿಲ್ಲ. ಅದಕ್ಕೆ ಆ ಸೂಜಿಗಿಂತ ಮುಂಚೆ ನಾವು ತಲುಪಬೇಕು. ಬ್ಯಾಗಿನಲ್ಲಿ ಹೊಸ ಸೂಜಿ, ಸಿರಿಂಜ್, ಸ್ಪಿರಿಟ್ ಹತ್ತಿ, ಕಾಂಡೋಮ್, ಗಾಯಕ್ಕೆ ಪಟ್ಟಿ. ಇನ್ನೊಂದು ಕೈಯಲ್ಲಿ ಗಟ್ಟಿ ಪ್ಲಾಸ್ಟಿಕ್ ಡಬ್ಬ. ಹಳೆ ಸೂಜಿ ಅದರೊಳಗೆ ಹಾಕಿಸಿಕೊಂಡು ಹೊಸದು ಕೊಡುತ್ತೇವೆ. ಹಳೆಯದು ತರದವನಿಗೆ ಕೊಡೋದೇ ಇಲ್ಲ ಅಂತಲ್ಲ, ಆದರೆ ಎಷ್ಟು ಹೋಯಿತು ಎಷ್ಟು ವಾಪಸ್ ಬಂತು ಅಂತ ದಿನಾ ಲೆಕ್ಕ ಬರೆಯುತ್ತೇವೆ. ನಿಮ್ಮ ಬಿಲ್ಡಿಂಗಿನ ಹಿಂದೆ ಮಕ್ಕಳು ಆಡೋ ಜಾಗದಲ್ಲಿ ಸೂಜಿ ಬಿದ್ದಿರಬಾರದು ಅಂತಾದರೆ ಆ ಲೆಕ್ಕ ನಿಮಗೂ ಬೇಕು.

ಸೂಜಿ ಮಾತ್ರ ಅಲ್ಲ. ಪುಡಿ ಕರಗಿಸುವ ಮುಚ್ಚಳ, ಸೋಸುವ ಹತ್ತಿ, ನೀರು, ಇವನ್ನು ಹಂಚಿಕೊಂಡರೂ ಹೆಪಟೈಟಿಸ್ ಸಿ ಹರಡುತ್ತೆ. ಆ ವೈರಸ್ ಸಿರಿಂಜಿನೊಳಗೆ ವಾರಗಟ್ಟಲೆ ಬದುಕಿರಬಲ್ಲದು. ಒಳ್ಳೆ ಸುದ್ದಿ ಅಂದರೆ ಇದು ಈಗ ವಾಸಿಯಾಗುವ ಕಾಯಿಲೆ. 2018ರ ಜುಲೈನಿಂದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಮಾತ್ರೆ ಪುಕ್ಕಟೆ, ಹೆಚ್ಚಿನವರಿಗೆ ಹನ್ನೆರಡು ವಾರ ನುಂಗಿದರೆ ಸಾಕು. ಹದಿನೈದು ವರ್ಷ ಬ್ರೌನ್ ಶುಗರ್ ಬಿಡದ ಒಬ್ಬ, ಆ ಹನ್ನೆರಡು ವಾರ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಶರ್ಟಿನೊಳಗೆ ಇಟ್ಟುಕೊಂಡು ತಿರುಗುತ್ತಿದ್ದ. ಇವರಿಗೆ ತಮ್ಮ ಮೈ ಮೇಲೆ ಕಾಳಜಿಯೇ ಇಲ್ಲ ಅನ್ನೋರಿಗೆ ನಾನು ಅವನ ಕತೆ ಹೇಳುತ್ತೇನೆ.

ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟ ಹಾಗಲ್ವಾ? ಮುಂದಿನ ಸಾಲಿನಲ್ಲಿ ಯಾರೋ ಆಗಲೇ ತಲೆ ಆಡಿಸುತ್ತಿದ್ದಾರೆ. ನಾನು ಈ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಇದೇ ಪ್ರಶ್ನೆ ನಮ್ಮ ಹಳೇ ಹೋಟೆಲಿನ ಭಟ್ಟರು ಕೇಳಿದ್ದರು. ‘ಭಟ್ಟರೇ, ನಿಮ್ಮ ದೋಸೆ ಕಲ್ಲಿನ ಪಕ್ಕ ಸುಟ್ಟಗಾಯದ ಮುಲಾಮು ಇಟ್ಟಿದ್ದೀರಲ್ಲ, ಅದನ್ನು ನೋಡಿ ಯಾರಾದರೂ ಬೇಕಂತ ಕೈ ಸುಟ್ಟುಕೊಂಡಿದ್ದಾರಾ?’ ಅಂದೆ. ‘ಹೋಗಾ, ನಿನ್ನದೊಂದು’ ಅಂದರು. ಒಪ್ಪಲಿಲ್ಲ, ಆದರೆ ಮಾರನೇ ದಿನ ಸೆಂಟರಿಗೆ ಎರಡು ಕೆಟಲ್ ಚಹಾ ಕಳಿಸಿದರು.

ಇದು ನಮ್ಮ ತಲೆಯಿಂದ ಹುಟ್ಟಿದ ಹುಚ್ಚು ಅಂದುಕೊಳ್ಳಬೇಡಿ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡ್ರಗ್ಸ್ ತೆಗೆದುಕೊಳ್ಳುವವರೇ ಸಂಘ ಕಟ್ಟಿಕೊಂಡು, ನಗರದ ಆರೋಗ್ಯ ಇಲಾಖೆಯನ್ನು ಒಪ್ಪಿಸಿ ಸೂಜಿ ಬದಲಾಯಿಸೋದು ಶುರು ಮಾಡಿದರು. ಆಗ ಅವರ ಹೆದರಿಕೆ ಹೆಪಟೈಟಿಸ್ ಬಿ. ನಮ್ಮ ದೇಶದಲ್ಲಿ ಮಣಿಪುರ ಪಾಠ ಕಲಿಸಿತು. 1989-90ರ ಹೊತ್ತಿಗೆ ಅಲ್ಲಿ ಸೂಜಿ ಹಂಚಿಕೊಳ್ಳುವವರಲ್ಲಿ ಎಚ್‌ಐವಿ ಕಾಡ್ಗಿಚ್ಚಿನ ಹಾಗೆ ಹಬ್ಬಿತ್ತು. 1996ರಲ್ಲಿ ಆ ಪುಟ್ಟ ರಾಜ್ಯ ತನ್ನ ಏಡ್ಸ್ ನೀತಿಯಲ್ಲೇ ಹಾನಿ ತಗ್ಗಿಸುವ ಕೆಲಸವನ್ನು ಬರೆದುಕೊಂಡಿತು. ದೆಹಲಿಯ ನ್ಯಾಕೋ, ಅಂದರೆ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ, ಇದನ್ನು ದೇಶಕ್ಕೆಲ್ಲ ದೊಡ್ಡದಾಗಿ ತಂದಿದ್ದು 2007ರಿಂದ ಈಚೆಗೆ. ಒಂದೇ ಒಂದು ಅಂಕಿ ಜೋಡಿ ಹೇಳಿ ಈ ಭಾಗ ಮುಗಿಸುತ್ತೇನೆ. 2017ರ ಸರ್ಕಾರಿ ಲೆಕ್ಕದಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಇದ್ದವರು ನೂರಕ್ಕೆ 0.22. ಸೂಜಿಯಲ್ಲಿ ಡ್ರಗ್ಸ್ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 6.26.

ಸೆಂಟರ್ ಅಂದೆನಲ್ಲ, ಅದು ಒಂದು ಹಾಲ್, ಒಂದು ಬಚ್ಚಲು, ಒಂದು ಸಣ್ಣ ಡ್ರೆಸಿಂಗ್ ರೂಮು. ಬಂದವನಿಗೆ ಮೊದಲು ಸ್ನಾನ. ನೀವು ನಗಬಹುದು, ಆದರೆ ಫುಟ್‌ಪಾತಿನಲ್ಲಿ ಬದುಕುವವನಿಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡೋದಕ್ಕಿಂತ ದೊಡ್ಡ ಸುಖ ಇಲ್ಲ. ಬಟ್ಟೆ ಒಗೆದುಕೊಳ್ಳಬಹುದು. ಮಧ್ಯಾಹ್ನ ಪೊಲೀಸ್ ಎಬ್ಬಿಸೋದಿಲ್ಲ ಅನ್ನೋ ಧೈರ್ಯದಲ್ಲಿ ಎರಡು ಗಂಟೆ ಮಲಗಬಹುದು. ಆಮೇಲೆ ನರ್ಸ್ ಗಾಯ ನೋಡುತ್ತಾಳೆ. ನರ ಸಿಗದೆ ಎಲ್ಲೆಲ್ಲೋ ಚುಚ್ಚಿಕೊಂಡು ಕಾಲೆಲ್ಲ ಕೀವಾಗಿರುತ್ತೆ. ಮಳೆಗಾಲದಲ್ಲಿ ಆ ಪಟ್ಟಿ ಒಂದು ದಿನ ಒಣಗಿರೋದಿಲ್ಲ. ಒಬ್ಬನನ್ನು ಅಂಥ ಕಾಲಿನೊಂದಿಗೆ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕೇಸ್ ಪೇಪರ್ ಮಾಡಿಸಿ ಬೆಳಗ್ಗೆಯಿಂದ ಸಂಜೆ ಐದರ ತನಕ ಸಾಲಿನಲ್ಲಿ ಕೂತೆವು. ಕೊನೆಗೆ ಬಂದವರು ಅವನ ಮುಖ ಕೂಡ ನೋಡದೆ ನನ್ನ ಹತ್ತಿರ, ಮೊದಲು ಬಿಡಿಸಿ, ಆಮೇಲೆ ಕರ್ಕೊಂಡು ಬನ್ನಿ ಅಂದರು. ಆ ಕಾಲು ಈಗ ಇಲ್ಲ. ಅವನಿದ್ದಾನೆ.

ಸ್ನಾನ, ಚಹಾ, ಪಟ್ಟಿ ಆದ ಮೇಲೆ ತಾನೇ ಕೇಳುತ್ತಾನೆ, ಟೆಸ್ಟ್ ಮಾಡಿಸಲಾ ಅಂತ. ಎಚ್‌ಐವಿ, ಟಿಬಿ, ಹೆಪಟೈಟಿಸ್. ಮತ್ತೂ ಕೆಲವು ವಾರ ಕಳೆದ ಮೇಲೆ, ಎಲ್ಲರೂ ಅಲ್ಲ, ಕೆಲವರು ಕೇಳುತ್ತಾರೆ, ‘ಆ ನಾಲಿಗೆ ಕೆಳಗಿನ ಗೋಲಿ ನನಗೂ ಸಿಗುತ್ತಾ?’

ಆ ಗೋಲಿಯ ಹೆಸರು ಬ್ಯುಪ್ರಿನಾರ್ಫಿನ್. ಬ್ರೌನ್ ಶುಗರ್ ಮೆದುಳಿನಲ್ಲಿ ಯಾವ ಜಾಗದಲ್ಲಿ ಹೋಗಿ ಕೂರುತ್ತೋ ಅದೇ ಜಾಗದಲ್ಲಿ ಇದೂ ಕೂರುತ್ತೆ, ಆದರೆ ಅರ್ಧ ಮಾತ್ರ ಕೆಲಸ ಮಾಡುತ್ತೆ. ಟರ್ಕಿ ಬರೋದಿಲ್ಲ, ನಶೆಯೂ ಅಷ್ಟು ಏರೋದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಡೋಸ್ ಜಾಸ್ತಿ ಮಾಡಿದರೂ ಪರಿಣಾಮ ಹೆಚ್ಚಾಗೋದಿಲ್ಲ, ಅದಕ್ಕೇ ಇದು ಬ್ರೌನ್ ಶುಗರಿಗಿಂತ ಸುರಕ್ಷಿತ. ಮೊದಲ ಡೋಸ್ ಮಾತ್ರ ಟರ್ಕಿ ಶುರುವಾದ ಮೇಲೇ ಕೊಡಬೇಕು, ಇಲ್ಲದಿದ್ದರೆ ಗೋಲಿಯೇ ಟರ್ಕಿ ಎಬ್ಬಿಸುತ್ತೆ. ನರ್ಸ್ ಗೋಲಿಯನ್ನು ಪುಡಿ ಮಾಡಿ ನಾಲಿಗೆ ಕೆಳಗೆ ಹಾಕುತ್ತಾಳೆ, ಕರಗುವ ತನಕ ಎದುರಿಗೇ ಕೂರಬೇಕು, ನುಂಗಬಾರದು, ಮಾತಾಡಬಾರದು. ಬೆಳಗ್ಗೆ ನಮ್ಮ ಹಾಲಿಗೆ ಬಂದರೆ ಇಪ್ಪತ್ತು ಜನ ಬಾಯಿ ಮುಚ್ಚಿಕೊಂಡು ಸಾಲಾಗಿ ಕೂತಿರುತ್ತಾರೆ, ಮೌನವ್ರತದ ಮಠದ ಹಾಗೆ. ಪುಡಿ ಯಾಕೆ ಅಂದರೆ, ಇಡೀ ಗೋಲಿಯಾದರೆ ಕೆನ್ನೆಯೊಳಗೆ ಅಡಗಿಸಿ ಹೊರಗೆ ಮಾರುತ್ತಾರೆ. ನಾವು ಅಷ್ಟೊಂದು ಪೆದ್ದರಲ್ಲ. 2020ರ ಲಾಕ್‌ಡೌನಿನಲ್ಲಿ ಮಾತ್ರ ಮನೆಗೆ ಒಯ್ಯೋಕೆ ಕೊಡಬಹುದು ಅಂತ ಸರ್ಕಾರ ಒಪ್ಪಿತು. ಎಲ್ಲರೂ ಮಾರಿಬಿಡುತ್ತಾರೆ ಅಂತ ನಾನೇ ಹೆದರಿದ್ದೆ. ಹೆಚ್ಚಿನ ಹುಡುಗರು ದಿನದ ಲೆಕ್ಕ ಇಟ್ಟುಕೊಂಡು ತೆಗೆದುಕೊಂಡರು.

ಈ ಗೋಲಿಯನ್ನು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಾಯ್ತಲ್ಲ ಅನ್ನುತ್ತಾರೆ ಮನೆಯವರು. ಆದರೆ ಸೂಜಿ ಇಲ್ಲ, ಕಳ್ಳತನ ಇಲ್ಲ, ಬೆಳಗ್ಗೆ ಗೋಲಿ ತೆಗೆದುಕೊಂಡು ಹತ್ತಕ್ಕೆ ಕೆಲಸಕ್ಕೆ ಹೋಗುತ್ತಾನೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಯಾವಾಗ ಬಿಡ್ತೀರಿ ಅಂತ ಯಾರೂ ದಿನಾ ಕೇಳೋದಿಲ್ಲ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರಿಗೂ ಹೆದರಿಕೆ ಇರೋದು ಅಲ್ಲೇ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಸೇವನೆಯೂ ಅಪರಾಧವೇ. 27ನೇ ಸೆಕ್ಷನ್, ಹೆರಾಯಿನ್ ಆದರೆ ಒಂದು ವರ್ಷದ ತನಕ ಜೈಲು. ಆದರೆ ಅದೇ ಕಾಯ್ದೆಯಲ್ಲಿ 64ಎ ಅಂತ ಇದೆ. ಚಟ ಇರುವವನು ತಾನಾಗಿ ಚಿಕಿತ್ಸೆಗೆ ಹೋಗಿ ಅದನ್ನು ಪೂರ್ತಿ ಮಾಡಿದರೆ ಸೇವನೆಗಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಇನ್ನು ಸೂಜಿ ಕೊಡುವ ನಮ್ಮಂಥವರಿಗೆ 2017ರ ಎಚ್‌ಐವಿ ಕಾಯ್ದೆ ಇದೆ, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಸರ್ಕಾರದ ಮಾರ್ಗಸೂಚಿಯ ಪ್ರಕಾರ ಎಚ್‌ಐವಿ ತಡೆಯೋಕೆ ಮಾಡುವ ಕೆಲಸ ಅಪರಾಧವಲ್ಲ ಅಂತ 22ನೇ ಸೆಕ್ಷನ್ ಹೇಳುತ್ತೆ. ಅದರ ಜೆರಾಕ್ಸ್ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತೆ. ಹವಾಲ್ದಾರ್ ಓದುತ್ತಾನಾ ಅಂದರೆ ಇಲ್ಲ. ಆದರೆ ಮಡಿಸಿದ ಕಾಗದ ತೆಗೆದರೆ ದನಿ ಸ್ವಲ್ಪ ತಗ್ಗುತ್ತೆ.

ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ ವಡಾಲಾದ ಎಸ್‌ಐಡಬ್ಲ್ಯುಎಸ್ ಕಾಲೇಜಿದೆ, ನಿಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳು ಓದಿದ್ದು ಅಲ್ಲೇ. ಅದರ ಹಿಂದೆ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ. 1890ರಲ್ಲಿ ಶುರುವಾಗಿದ್ದು. ಬೀದಿಯಲ್ಲಿ ಬಿದ್ದಿರುತ್ತಿದ್ದ ಕುಷ್ಠರೋಗಿಗಳನ್ನು ಊರ ಹೊರಗೆ ಇಡೋಕೆ ಕಟ್ಟಿಸಿದ್ದು, ಆಗ ಮಾಟುಂಗ-ವಡಾಲಾದ ಈ ಭಾಗ ಊರ ಹೊರಗೇ ಇತ್ತಲ್ಲ. ಇವತ್ತು ಮುಂಬೈಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಇರೋದು ಅದೇ ಆವರಣದಲ್ಲಿ. ಆ ಗೇಟಿನೊಳಗೆ ಹೋಗುವಾಗಲೆಲ್ಲ ನನಗೆ ಅನ್ನಿಸುತ್ತೆ, ಒಂದು ಕಾಲದಲ್ಲಿ ಈ ಗೇಟು ಒಳಗಿದ್ದವರು ಹೊರಗೆ ಬರಬಾರದು ಅಂತ ಇತ್ತು. ಇರಲಿ, ಎಲ್ಲಿಗೋ ಹೋದೆ.

ಈಗ ಊರಿಗೆ ಕಳಿಸುವ ವಿಷಯ. ಇದನ್ನು ಹೇಳೋಕೇ ನಾನು ಇಲ್ಲಿಗೆ ಬರೋಕೆ ಒಪ್ಪಿದ್ದು.

ಮುಂಬೈ ಕನ್ನಡಿಗರ ಎಲ್ಲ ಕಾಯಿಲೆಗೂ ಒಂದೇ ಮದ್ದು, ಊರು. ಟಿಬಿ ಬಂತಾ, ಊರಿಗೆ ಕಳಿಸಿ. ಹುಡುಗಿ ಹಿಂದೆ ಬಿದ್ದನಾ, ಊರಿಗೆ ಕಳಿಸಿ. ಹುಡುಗ ಪುಡಿ ಹಿಡಿದನಾ, ಮೂರು ತಿಂಗಳು ಊರಲ್ಲಿರಲಿ, ದೇವರ ಮುಂದೆ ಆಣೆ ಮಾಡಿಸಿ, ಗದ್ದೆ ಕೆಲಸ ಮಾಡಿ ಮೈ ಮುರಿದರೆ ಎಲ್ಲ ಬಿಟ್ಟು ಹೋಗುತ್ತೆ. ತಪ್ಪಲ್ಲ. ಕೆಲವರಿಗೆ ನಿಜಕ್ಕೂ ಬಿಟ್ಟು ಹೋಗಿದೆ. ಆದರೆ ಯಾರೂ ಯೋಚಿಸದ ಒಂದು ದಿನ ಇದೆ. ಅವನು ವಾಪಸ್ ಬರುವ ದಿನ.

ದಿನಾ ಬ್ರೌನ್ ಶುಗರ್ ತೆಗೆದುಕೊಳ್ಳುವವನ ಮೈ ಅದಕ್ಕೆ ಒಗ್ಗಿಕೊಂಡಿರುತ್ತೆ. ಮೊದಲ ದಿನ ತೆಗೆದುಕೊಂಡಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೆಗೆದುಕೊಂಡರೂ ಅವನ ಉಸಿರು ನಿಲ್ಲೋದಿಲ್ಲ. ಬಿಟ್ಟ ಕೆಲವೇ ವಾರಗಳಲ್ಲಿ ಆ ಒಗ್ಗಿಕೆ ಇಳಿದು ಹೋಗುತ್ತೆ. ಮೈ ಹೊಸದಾಗಿದೆ, ತಲೆಯಲ್ಲಿ ಮಾತ್ರ ಹಳೇ ಅಳತೆ ಹಾಗೇ ಕೂತಿದೆ. ಜೈಲಿನಿಂದ ಹೊರಬಂದ ಮೊದಲ ಎರಡು ವಾರ, ಡಿ-ಅಡಿಕ್ಷನ್ ಸೆಂಟರಿನಿಂದ ಹೊರಬಂದ ಮೊದಲ ಎರಡು ವಾರ, ಹುಡುಗರು ಸಾಯೋದು ಜಾಸ್ತಿ ಆವಾಗಲೇ. ಇದು ಜಗತ್ತಿನ ಎಲ್ಲ ಕಡೆ ಕಂಡಿರುವ ಮಾತು. ಊರಿನಿಂದ ಬಂದ ಮೊದಲ ಎರಡು ವಾರವನ್ನು ಅದಕ್ಕೆ ಸೇರಿಸೋದು ನಾನು, ನಮ್ಮವರ ಸಲುವಾಗಿ.

ಒಬ್ಬ ಹುಡುಗ ಇದ್ದ. ಕುಂದಾಪುರದ ಕಡೆಯವನು, ಇಪ್ಪತ್ತೆರಡು ವಯಸ್ಸು, ಒಂದು ಹೋಟೆಲಿನಲ್ಲಿ ಸಪ್ಲೈಯರ್. ನಮ್ಮ ಸೆಂಟರಿಗೆ ಬರುತ್ತಿದ್ದ, ನನ್ನನ್ನು ಅಣ್ಣ ಅಂತಿದ್ದ. ಆಗ ನಾನು ಕೆಲಸಕ್ಕೆ ಹೊಸಬ. ಯಜಮಾನರು ಕರೆದು, ‘ಎಂತ ಮಾಡುದು ಮಾರಾಯ, ಒಳ್ಳೆ ಹುಡುಗ’ ಅಂತ ಕೇಳಿದಾಗ, ಊರಿಗೆ ಕಳಿಸಿ ಶೆಟ್ರೇ ಅಂದವನು ನಾನೇ. ಟಿಕೆಟ್ ತೆಗೆದುಕೊಟ್ಟವನೂ ನಾನೇ. ಮೂರು ತಿಂಗಳು ಅವನ ಅಮ್ಮ ಫೋನ್ ಮಾಡುತ್ತಿದ್ದರು. ‘ಈಗ ಲಾಯ್ಕ್ ಇದ್ದ ಮಾರಾಯ, ಮೈ ಕೈ ತುಂಬಿಕೊಂಡಿದ್ದಾನೆ, ಮೂರು ಹೊತ್ತು ಉಣ್ತಾನೆ.’ ನಾನು ಖುಷಿಯಲ್ಲಿ ಸ್ಟಾಫಿಗೆಲ್ಲ ಹೇಳಿಕೊಂಡು ತಿರುಗಿದೆ. ಅವನು ಮತ್ಸ್ಯಗಂಧಾ ರೈಲಿನಲ್ಲಿ ವಾಪಸ್ ಬಂದ. ಬೆಳಗ್ಗೆ ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದು ನನಗೆ ಫೋನ್ ಮಾಡಿದ, ಬಂದೆ ಅಣ್ಣ ಅಂತ. ಸಂಜೆ ಸಿಗುತ್ತೇನೆ ಅಂದೆ. ಮಧ್ಯಾಹ್ನ ಹಳೇ ಗೆಳೆಯರ ಜೊತೆ, ಒಂದೇ ಸಲ, ಹಳೇ ಅಳತೆ.

ಹೋಟೆಲಿನ ಮೇಲಿನ ಮಲಗುವ ರೂಮಿನಲ್ಲಿ ಇನ್ನೂ ಇಬ್ಬರಿದ್ದರು. ಪೊಲೀಸ್ ಬರುತ್ತಾರೆ ಅಂತ ಹೆದರಿ ಓಡಿ ಹೋದರು. ಗೊರಕೆ ಹೊಡೆಯುತ್ತಿದ್ದ, ನಿದ್ದೆ ಮಾಡುತ್ತಾನೆ ಅಂದುಕೊಂಡೆವು ಅಂತ ಆಮೇಲೆ ಹೇಳಿದರು. ಅದು ನಿದ್ದೆಯ ಗೊರಕೆ ಅಲ್ಲ. ಗಂಟಲಿನಲ್ಲಿ ಗುಳುಗುಳು ಅನ್ನೋ ಆ ಸದ್ದು, ಉಸಿರು ನಿಲ್ಲುವ ಮುಂಚಿನದು. ಅದನ್ನು ನಾನು ಅವನಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ವಾಪಸ್ ಬರುವ ದಿನದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಿದರೆ ಮತ್ತೆ ತೆಗೆದುಕೋ ಅಂತ ನಾನೇ ನೆನಪಿಸಿದ ಹಾಗಾಗುತ್ತೆ ಅನ್ನೋ ಸಂಕೋಚ. ಅವನ ಅಮ್ಮ ಈಗಲೂ ಚೌತಿಗೆ ಫೋನ್ ಮಾಡುತ್ತಾರೆ. ನಾನು ಎತ್ತುತ್ತೇನೆ.

ಹಾಗಾಗಿ ಈಗ ಊರಿಗೆ ಹೋಗುವ ಪ್ರತಿಯೊಬ್ಬನ ಹತ್ತಿರವೂ ನೇರವಾಗಿ ಹೇಳುತ್ತೇನೆ. ವಾಪಸ್ ಬಂದ ಮೇಲೆ ತೆಗೆದುಕೊಳ್ಳಬೇಡ. ತೆಗೆದುಕೊಂಡೇ ತೆಗೆದುಕೊಳ್ಳುತ್ತೀಯಾ ಅಂತಾದರೆ ಹಳೇ ಅಳತೆ ಮರೆತುಬಿಡು, ನೀನೀಗ ಹೊಸಬ, ಒಬ್ಬನೇ ಇರುವಾಗ ಬೇಡ, ಬಾಗಿಲು ಚಿಲಕ ಹಾಕಬೇಡ, ನಿದ್ದೆ ಗೋಲಿ ಅಥವಾ ಹೆಂಡದ ಜೊತೆ ಸೇರಿಸಬೇಡ. ಇಳಿದ ದಿನವೇ ಸೆಂಟರಿಗೆ ಬಾ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಆ ದೊಣ್ಣೆ ಬೀಸೋದು ಆ ಎರಡು ವಾರದಲ್ಲಿ.

ಬಡಿದು ಬಿಡಿಸುವ ಸೆಂಟರುಗಳ ಬಗ್ಗೆಯೂ ಇದೇ ಮಾತು. ಸರಪಳಿ ಹಾಕಿ, ತಲೆ ಬೋಳಿಸಿ ಮೂರು ತಿಂಗಳು ಕೂಡಿಹಾಕಿದರೆ ಮೈಯಿಂದ ಡ್ರಗ್ಸ್ ಹೋಗಿರುತ್ತೆ ನಿಜ. ಹೊರಗೆ ಬಂದವನಿಗೆ ಕೋಪ ಇರುತ್ತೆ, ಒಗ್ಗಿಕೆ ಇರೋದಿಲ್ಲ. ದುಡ್ಡು ಕೊಟ್ಟು ಸೇರಿಸುವ ಮುಂಚೆ ಅಲ್ಲಿ ಡಾಕ್ಟರ್ ಇದ್ದಾರಾ, ನೋಂದಣಿ ಆಗಿದೆಯಾ, ಮಗನನ್ನು ನೋಡೋಕೆ ಬಿಡುತ್ತಾರಾ, ಇಷ್ಟಾದರೂ ಕೇಳಿ.

ಒಂದು ವ್ಯತ್ಯಾಸ ಹೇಳಬೇಕು, ಯಾಕಂದರೆ ಇಲ್ಲಿರುವವರಿಗೆ ಹೆಂಡದ ಅನುಭವ ಜಾಸ್ತಿ, ನಗಬೇಡಿ. ಬ್ರೌನ್ ಶುಗರ್ ಒಮ್ಮೆಲೇ ಬಿಟ್ಟರೆ ನರಕ ಕಾಣುತ್ತೆ, ಆದರೆ ಆ ಟರ್ಕಿಯಿಂದಲೇ ಸಾಯೋದು ಅಪರೂಪ. ದಿನಾ ಬೆಳಗ್ಗೆಯಿಂದ ಕುಡಿಯುವವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವವೂ ಹೋಗಬಹುದು. ಡಾಕ್ಟರ್ ಇಲ್ಲದೆ ಆಣೆ ಮಾಡಿಸಬೇಡಿ. ಆಣೆ ಬೇಡ ಅಂತಲ್ಲ, ಡಾಕ್ಟರ್ ಆದ ಮೇಲೆ ದೇವರು.

ಎಂಡಿ ಬಗ್ಗೆ ಕೇಳಿದ್ದೀರಿ, ಚೀಟಿ ಬಂದಿದೆ. ಮೆಫೆಡ್ರೋನ್ ಅನ್ನೋ ಉತ್ತೇಜಕ ಡ್ರಗ್, ಮ್ಯಾಂವ್ ಮ್ಯಾಂವ್ ಅಂತಾರೆ. 2015ರ ತನಕ ಅದು ಕಾಯ್ದೆಯ ಪಟ್ಟಿಯಲ್ಲೇ ಇರಲಿಲ್ಲ. ಅದಕ್ಕೆ ಬದಲಿ ಗೋಲಿ ಇಲ್ಲ, ನಮ್ಮ ಕೈ ಅಲ್ಲಿ ಸ್ವಲ್ಪ ಕಟ್ಟಿದೆ. ನಿದ್ದೆ, ನೀರು, ಊಟ ನೋಡಿಕೊಳ್ಳೋದು, ಎದೆ ನೋವು ಅಂದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದು, ಅನುಮಾನ ಭ್ರಮೆ ಶುರುವಾದರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗೋದು. ಇದು ಫುಟ್‌ಪಾತಿನದ್ದಲ್ಲ, ಕಾಲೇಜಿನದ್ದು, ಫ್ಲಾಟಿನದ್ದು. ಈ ಹುಡುಗರು ನಮ್ಮ ಸೆಂಟರಿಗೆ ಬರೋದೇ ಇಲ್ಲ, ತಾವು ಅಂಥವರಲ್ಲ ಅಂದುಕೊಂಡಿರುತ್ತಾರೆ. ಮನೆಯಲ್ಲಿ ಹೇಳೋಕೂ ಆಗೋದಿಲ್ಲ. 14446ಕ್ಕೆ ಫೋನ್ ಮಾಡಬಹುದು, ಸರ್ಕಾರದ ಪುಕ್ಕಟೆ ಸಹಾಯವಾಣಿ. ಎಚ್‌ಐವಿ ವಿಷಯಕ್ಕೆ 1097.

ಹಿಂದಿನ ಸಾಲಿನಿಂದ ಅಜ್ಜಿ ಒಬ್ಬರು ಕೇಳುತ್ತಿದ್ದಾರೆ, ‘ಹಾಗೆ ಬಿದ್ದವನನ್ನು ನೋಡಿದರೆ ನಾವೇನು ಮಾಡಬೇಕು?’ ಇವತ್ತಿನ ಒಳ್ಳೆ ಪ್ರಶ್ನೆ ಇದೇ. ಯಾರಾದರೂ ಒಬ್ಬರು ಮೇಲೆ ಬಂದು ಮಲಗಿ, ತೋರಿಸುತ್ತೇನೆ. ಕ್ಯಾಶಿಯರ್ ಸಾಹೇಬ್ರೇ, ನೀವೇ ಬನ್ನಿ, ಶರ್ಟ್ ಕೊಳೆ ಆದರೆ ನಾನು ಒಗೆದು ಕೊಡುತ್ತೇನೆ.

ಮೊದಲು ಹೆಸರು ಹಿಡಿದು ಕೂಗಿ, ಭುಜ ಅಲ್ಲಾಡಿಸಿ. ಏಳಲಿಲ್ಲ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ಉಸಿರು ಎಲ್ಲೋ ಒಂದೊಂದು. 108ಕ್ಕೆ ಫೋನ್ ಮಾಡಿ. ‘ಉಸಿರಾಡುತ್ತಿಲ್ಲ’ ಅಂತ ಹೇಳಿ, ಆ ಮಾತು ಮೊದಲು. ಹಾಲು ಕುಡಿಸಬೇಡಿ, ಉಪ್ಪು ನೀರು ಬೇಡ, ತಣ್ಣೀರು ಸುರಿಯಬೇಡಿ, ಕೆನ್ನೆಗೆ ಬಾರಿಸಬೇಡಿ. ಬಾಯಿಯೊಳಗೆ ಏನಾದರೂ ಇದ್ದರೆ ತೆಗೆಯಿರಿ, ತಲೆ ಹಿಂದಕ್ಕೆ ಬಾಗಿಸಿ, ಹೀಗೆ, ಗದ್ದ ಮೇಲೆ. ಮೂಗು ಮುಚ್ಚಿ ಬಾಯಿಯಿಂದ ಉಸಿರು ಕೊಡಿ, ಐದು ಸೆಕೆಂಡಿಗೆ ಒಂದು, ಎದೆ ಏಳೋದು ಕಾಣಬೇಕು. ಇವರಿಗೆ ಕೊಡೋದಿಲ್ಲ, ಹೆದರಬೇಡಿ ಸಾಹೇಬ್ರೇ. ಆಸ್ಪತ್ರೆಯಲ್ಲಿ ನಾಲಾಕ್ಸೋನ್ ಅಂತ ಇಂಜೆಕ್ಷನ್ ಇದೆ, ಎರಡು ಮೂರು ನಿಮಿಷದಲ್ಲಿ ಎದ್ದು ಕೂರುತ್ತಾನೆ. ಎದ್ದವನು ನಾನು ಸರಿ ಇದ್ದೇನೆ ಅಂತ ಹೊರಟರೆ ಬಿಡಬೇಡಿ. ಆ ಮದ್ದು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿಯುತ್ತೆ, ಒಳಗಿನ ಪುಡಿ ಇನ್ನೂ ಇರುತ್ತೆ, ಮತ್ತೆ ಬೀಳಬಹುದು.

ಉಸಿರಾಡುತ್ತಿದ್ದಾನೆ, ಆದರೆ ಏಳುತ್ತಿಲ್ಲ ಅಂದರೆ ಹೀಗೆ ಮಗ್ಗುಲಿಗೆ ಹೊರಳಿಸಿ. ಮೇಲಿನ ಮೊಣಕಾಲು ಮಡಿಸಿ ಮುಂದಕ್ಕೆ, ಮೇಲಿನ ಕೈ ಕೆನ್ನೆಯ ಕೆಳಗೆ, ಬಾಯಿ ನೆಲದ ಕಡೆಗೆ ವಾಲಿರಲಿ. ವಾಂತಿ ಬಂದರೆ ಹೊರಗೆ ಹೋಗುತ್ತೆ, ಉಸಿರಿನ ದಾರಿಗೆ ಹೋಗೋದಿಲ್ಲ. ಅಂಬ್ಯುಲೆನ್ಸ್ ಬರುವ ತನಕ ಪಕ್ಕದಲ್ಲೇ ಕೂತಿರಿ. ಈಗ ಒಬ್ಬೊಬ್ಬರೇ ಮೇಲೆ ಬನ್ನಿ, ನಿಮ್ಮ ಕೈಯಲ್ಲೇ ಹೊರಳಿಸಿ ನೋಡಿ. ಅಜ್ಜಿ, ಮೊದಲು ನೀವು.